ಪದಚರ್ಚೆ: ಬುಗ್ಗೆ ಕೈ ರವಿಕೆ, ಅಜ್ಜಿ ಕಾಲದ ಹೊಲಿಗೆ – ಒಂದು ಟ್ಯಾಗಿಗೆ ಪದ ಬೇಕು

ಎಲ್ಲರಿಗೂ ನಮಸ್ಕಾರ.

ಎರಡು ಇಂಚು ಉದ್ದ, ಒಂದು ಇಂಚು ಅಗಲದ ಬಟ್ಟೆ ಪಟ್ಟಿ. ಅದರ ಮೇಲೆ ಎರಡೋ ಮೂರೋ ಪದ ಬರೆಯಬೇಕು. ಮೂರು ವಾರದಿಂದ ಒದ್ದಾಡುತ್ತಿದ್ದೇನೆ, ಆಗುತ್ತಿಲ್ಲ. ಅದಕ್ಕೇ ನಿಮ್ಮ ಮುಂದೆ ತಂದು ಹಾಕುತ್ತಿದ್ದೇನೆ.

ವಿಷಯ ಇಷ್ಟೇ. ನಾನು ಹುಟ್ಟಿದ್ದು ಹಾಸನದ ಕಡೆ, ಮದುವೆಯಾಗಿ ಬಂದದ್ದು ಧಾರವಾಡಕ್ಕೆ. ಪಕ್ಕದ ಮನೆಯ ಅಕ್ಕ ಮತ್ತು ನಾನು ಮಧ್ಯಾಹ್ನ ಊಟ ಆದ ಮೇಲೆ ಕೂತು ಹೊಲಿಯುತ್ತೇವೆ. ಅವರದು ಕಾಲಲ್ಲಿ ತುಳಿಯುವ ಮೆಷಿನ್, ನನ್ನದು ಕರೆಂಟಿನದು. ಮೊದಮೊದಲು ಇದೆಲ್ಲ ಮನೆ ಮಟ್ಟಿಗೆ ಇತ್ತು. ಅಜ್ಜಿಯ ಒಂದು ಹಳೇ ಫೋಟೋ ನೋಡಿ ಬುಗ್ಗೆ ಕೈ ರವಿಕೆ, ಅಂದರೆ ತೋಳು ಉಬ್ಬಿದ ರವಿಕೆ, ಹೊಲಿದೆ. ತಂಗಿ ನೋಡಿ ತನಗೂ ಬೇಕು ಅಂದಳು. ಆಮೇಲೆ ತಂಗಿಯ ಗೆಳತಿಯರು. ಈಗ ತಿಂಗಳಿಗೆ ಏಳೆಂಟು ರವಿಕೆ, ಚಿಕ್ಕ ಹುಡುಗಿಯರಿಗೆ ಚೀಟಿ ಬಟ್ಟೆಯ ಲಂಗ, ಕೂಸಿಗೆ ತಲೆ-ಬೆನ್ನು ಮುಚ್ಚುವ ಕುಂಚಿಗೆ, ಖಣದ ಬಟ್ಟೆಯ ಕೈಚೀಲ, ಉಳಿದ ತುಂಡುಗಳನ್ನು ಜೋಡಿಸಿ ಹೊಲಿದ ಪುಟ್ಟ ಹೊದಿಕೆ, ಅಂದರೆ ಕೌದಿ. ತೆಗೆದುಕೊಳ್ಳುವವರಲ್ಲಿ ಹೆಚ್ಚಿನವರು ಯಾರಿಗೋ ಕೊಡಲಿಕ್ಕೆ ಅಂತಲೇ ತೆಗೆದುಕೊಳ್ಳುತ್ತಾರೆ. ಹಾಗಾಗಿ ಒಂದು ಟ್ಯಾಗ್ ಇರಲಿ ಎಂದು ಅಕ್ಕ ಹೇಳಿದರು. ಟ್ಯಾಗಿನ ಮೇಲೆ ಕನ್ನಡ ಇರಲಿ ಎಂದು ನಾನು ಹೇಳಿದೆ. ತಾಪತ್ರಯ ಅಲ್ಲಿಂದ ಶುರು.

ಪರಿಚಯದ ಹುಡುಗನೊಬ್ಬ ಡಿಸೈನ್ ಮಾಡಿಕೊಟ್ಟ. ಅದರಲ್ಲಿ ಹೀಗಿತ್ತು: ‘ವಿಂಟೇಜ್ ಪ್ರೇರಿತ, ಕೈಯಿಂದ ಮಾಡಲ್ಪಟ್ಟ ಉಡುಗೊರೆ’. ಅಕ್ಕ ಓದಿ ಕೇಳಿದ್ದು ಒಂದೇ ಮಾತು: ‘ಇದು ಯಾರು ಮಾತಾಡೋ ಭಾಷೀರಿ?’

ಮೊದಲು ‘ವಿಂಟೇಜ್’. ಇದು ಮೂಲದಲ್ಲಿ ಬಟ್ಟೆಯ ಪದವೇ ಅಲ್ಲ, ದ್ರಾಕ್ಷಿ ಕೊಯ್ಲಿನ ಪದ. ಲ್ಯಾಟಿನ್ನಿನ ‘ವಿಂಡೆಮಿಯಾ’ ಫ್ರೆಂಚಿನ ಮೂಲಕ ಇಂಗ್ಲಿಷಿಗೆ ಹೋದದ್ದು. ಇದು ಯಾವ ವರ್ಷದ ಕೊಯ್ಲಿನ ವೈನ್ ಎಂದು ಹೇಳುತ್ತಾ ಹೇಳುತ್ತಾ, ಹಳೆಯದಾದರೂ ಬೆಲೆ ಬಾಳುವಂಥದ್ದು ಎಂಬ ಅರ್ಥ ಅಂಟಿಕೊಂಡಿತು. ಕಾರಿಗೂ ಬಟ್ಟೆಗೂ ಅದು ಆಮೇಲೆ ಬಂತು. ಬಟ್ಟೆ ವ್ಯಾಪಾರದವರು ಸಾಮಾನ್ಯವಾಗಿ 20 ವರ್ಷ ದಾಟಿದ್ದನ್ನು ವಿಂಟೇಜ್ ಅನ್ನುತ್ತಾರೆ, 100 ದಾಟಿದರೆ ಆಂಟೀಕ್. ನಮ್ಮದು ಎರಡೂ ಅಲ್ಲ. ಬಟ್ಟೆ ಹೊಸದು, ದಾರ ಹೊಸದು, ಹೊಲಿದದ್ದು ಹೋದ ವಾರ. ಕತ್ತರಿಸಿದ ರೀತಿ ಮಾತ್ರ ಹಳೆಯದು. ಈ ‘ಹೊಸದು, ಆದರೆ ಹಳೇ ಥರದ್ದು’ ಅನ್ನುವುದಕ್ಕೆ ಒಂದು ಪದ ಬೇಕು.

‘ಹಳೇ’ ಅಂತ ಸುಮ್ನೆ ಹಾಕೋಣ ಅಂದರೆ, ಅದರ ಪಕ್ಕ ‘ಬಟ್ಟೆ’ ಬಂತೋ ಕೆಟ್ಟಿತು. ‘ಹಳೇ ಬಟ್ಟೆ’ ಅಂದ್ರೆ ನಮಗೆ ಕಿವಿಯಲ್ಲಿ ಕೇಳಿಸುವುದು ಬೀದಿಯಲ್ಲಿ ಸ್ಟೀಲ್ ಪಾತ್ರೆ ಬುಟ್ಟಿ ಹೊತ್ತು ಬರುವವರ ಕೂಗು. ನಾಲ್ಕು ಹಳೇ ಪ್ಯಾಂಟಿಗೆ ಒಂದು ಡಬ್ಬಿ. ಅಂಥ ಪದವನ್ನು ಯಾರಾದರೂ ಬಾಣಂತಿಗೆ ಕೊಡುವ ಪೊಟ್ಟಣದ ಮೇಲೆ ಹಾಕುತ್ತಾರಾ? ‘ಓಬೀರಾಯನ ಕಾಲದ’ ಎಂಬುದು ನನಗೆ ತುಂಬ ಇಷ್ಟ. ಆದರೆ ಅದು ಬೈಗುಳ. ‘ಪುರಾತನ’ ಅಂದರೆ ಹಂಪಿಯ ಕಲ್ಲು. ‘ಸಾಂಪ್ರದಾಯಿಕ’ ಅಂದರೆ ರೇಷ್ಮೆ ಸೀರೆ ಜಾಹೀರಾತು. ನನ್ನ ಅಣ್ಣನ ಮಗ ‘ನಾಟಿ’ ಅನ್ನಿ ಅಂದ. ನಾಟಿ ಕೋಳಿ, ನಾಟಿ ಟೊಮೇಟೊ, ನಾಟಿ ರವಿಕೆ. ಅಕ್ಕ ಅವತ್ತು ನಕ್ಕಷ್ಟು ನಾನು ಯಾವತ್ತೂ ನೋಡಿಲ್ಲ.

ಉಳಿದದ್ದು ‘ಅಜ್ಜಿ ಕಾಲದ’. ಇದರಲ್ಲಿ ಬೆಚ್ಚನೆಯ ಭಾವ ಇದೆ, ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ಆದರೆ ಅಜ್ಜಿ ಯಾರ ಅಜ್ಜಿ? ನನಗೆ ಅಜ್ಜಿ ಕಾಲ ಅಂದರೆ 1940–50ರ ಫೋಟೋಗಳು: ಬುಗ್ಗೆ ಕೈ, ಮೊಣಕೈವರೆಗೆ ತೋಳು, ಕತ್ತಿನ ಸುತ್ತ ಸಣ್ಣ ಲೇಸು. ನನ್ನ ಮಗಳಿಗೆ ಅಜ್ಜಿ ಅಂದರೆ ನನ್ನ ಅಮ್ಮ. ಅಮ್ಮನ 1970ರ ದಶಕದ ಫೋಟೋದಲ್ಲಿ ಇರುವುದು ಮೈಗಂಟಿದ ಗಿಡ್ಡ ತೋಳಿನ ಬ್ಲೌಸು. ಪದ ಒಂದೇ, ಓದುವವರ ವಯಸ್ಸಿನ ಜೊತೆ ಅದು ಮುಂದೆ ಮುಂದೆ ಜಾರುತ್ತಾ ಹೋಗುತ್ತದೆ. ಇದು ತೊಂದರೆಯೋ ಅನುಕೂಲವೋ ನೀವೇ ಹೇಳಿ. ನನಗಂತೂ ದ್ರಾಕ್ಷಿಗಿಂತ ಅಜ್ಜಿ ವಾಸಿ ಅನ್ನಿಸುತ್ತದೆ.

ಆ ಹುಡುಗ ಬರೆದ ಸಾಲಿನಲ್ಲಿ ಸರಿಯಾಗಿ ಕೂತದ್ದು ಕೊನೆಯ ಪದ ಒಂದೇ, ‘ಉಡುಗೊರೆ’. ಅವನು ಯೋಚಿಸಿ ಹಾಕಿದ್ದಲ್ಲ, ಗಿಫ್ಟಿಗೆ ಕನ್ನಡ ಅಂತ ಹಾಕಿದ್ದಾನೆ. ಆದರೆ ಆ ಪದದ ಹೊಟ್ಟೆಯಲ್ಲೇ ಬಟ್ಟೆ ಇದೆ. ಉಡುಪು, ಉಡುಗೆ, ಉಡಿ ಎಲ್ಲ ಯಾವ ‘ಉಡು’ವಿನಿಂದ ಬಂದವೋ, ಉಡುಗೊರೆಯೂ ಅದೇ ‘ಉಡು’ವಿನಿಂದ ಬಂದದ್ದು. ಮೊದಲು ಅದು ಉಡಲು ಕೊಡುವ ಬಟ್ಟೆಯ ಹೆಸರು. ಆಮೇಲೆ ಗಡಿಯಾರ, ಪೆನ್ನು, ಕುಕ್ಕರ್ ಎಲ್ಲ ಉಡುಗೊರೆಯಾದವು. ಮದುವೆ ಕಾಗದದ ಕೆಳಗೆ ‘ಆಶೀರ್ವಾದವೇ ಉಡುಗೊರೆ’ ಎಂದು ಅಚ್ಚು ಹಾಕಿಸುವವರಿಗೆ ತಾವು ಬೇಡ ಅನ್ನುತ್ತಿರುವುದು ಸೀರೆ-ಪಂಚೆಯನ್ನು ಎಂದು ಗೊತ್ತಿರಲಿಕ್ಕಿಲ್ಲ. ಹೀಗಾಗಿ ಮನೆಯಲ್ಲಿ ರವಿಕೆ ಹೊಲಿದು ಕೊಟ್ಟರೆ ಅದಕ್ಕೆ ‘ಉಡುಗೊರೆ’ ಅನ್ನುವುದು ಅನುವಾದ ಅಲ್ಲ, ಪದ ತನ್ನ ಮನೆಗೆ ವಾಪಸ್ ಬಂದ ಹಾಗೆ.

ಇಲ್ಲೊಂದು ಕೊಕ್ಕೆ ಇದೆ. ರವಿಕೆಯನ್ನು ಯಾರೂ ಉಡುವುದಿಲ್ಲ, ತೊಡುತ್ತಾರೆ.

ಈ ‘ಉಡು’, ‘ತೊಡು’ ಬಗ್ಗೆ ಒಂದಷ್ಟು ಜಾಸ್ತಿ ಮಾತಾಡುತ್ತೇನೆ, ಕ್ಷಮಿಸಿ, ನನಗೆ ಇದೇ ಹುಚ್ಚು ಹಿಡಿದಿದೆ. ಸೀರೆ ಉಡುತ್ತೇವೆ, ಪಂಚೆ ಉಡುತ್ತೇವೆ. ರವಿಕೆ ತೊಡುತ್ತೇವೆ, ಅಂಗಿ ತೊಡುತ್ತೇವೆ, ಬಳೆ ತೊಡುತ್ತೇವೆ. ಶಾಲು ಹೊದೆಯುತ್ತೇವೆ, ಪೇಟ ಸುತ್ತುತ್ತೇವೆ, ಹೂವು ಮುಡಿಯುತ್ತೇವೆ, ಚಪ್ಪಲಿ ಮೆಟ್ಟುತ್ತೇವೆ. ಅಂದರೆ ಮೆಟ್ಟುತ್ತಿದ್ದೆವು, ಈಗ ಎಲ್ಲವನ್ನೂ ‘ಹಾಕಿಕೊಳ್ಳುತ್ತೇವೆ’. ಈ ಪದಗಳ ನಡುವೆ ಒಂದು ಗೆರೆ ಇತ್ತು. ಸೂಜಿ ತಾಗದ ಬಟ್ಟೆಯನ್ನು ಸೊಂಟಕ್ಕೆ ಸುತ್ತಿಕೊಂಡರೆ ಉಡುವುದು. ಕೈಯನ್ನೋ ತಲೆಯನ್ನೋ ಒಳಗೆ ತೂರಿಸಿದರೆ ತೊಡುವುದು. ಬಳೆ ಅದಕ್ಕೇ ಈ ಕಡೆ ಬಂತು. ‘ಉಡುಗೆ ತೊಡುಗೆ’ ಎಂಬ ಜೋಡಿಪದ ಸುಮ್ನೆ ಪ್ರಾಸಕ್ಕೆ ಅಂತ ನಾನು ಬಹಳ ದಿನ ತಿಳಿದಿದ್ದೆ. ಅಲ್ಲ. ಒಂದು ಸೂಜಿಗೆ ಮುಂಚಿನದು, ಇನ್ನೊಂದು ಸೂಜಿಯಾದ ಮೇಲಿನದು. ಲಂಗ ಮಾತ್ರ ಗೆರೆಯ ಮೇಲೇ ಕೂತಿದೆ. ಹೊಲಿದದ್ದು ಹೌದು, ಸೊಂಟಕ್ಕೆ ಕಟ್ಟುವುದೂ ಹೌದು. ನಮ್ಮಜ್ಜಿ ‘ಲಂಗ ಉಟ್ಕೊ’ ಅನ್ನುತ್ತಿದ್ದರು.

ಮೊನ್ನೆ ಒಬ್ಬರು ತಮ್ಮ ತಾಯಿಯ ಸೀರೆ ತಂದುಕೊಟ್ಟರು. ಮಗಳಿಗೆ ಫ್ರಾಕ್ ಮಾಡಿಕೊಡಿ ಅಂದರು. ಚಂದ್ರಕಾಳಿ ಸೀರೆ, ಕಪ್ಪು ಮೈಗೆ ಸೆರಗಿನ ಹತ್ತಿರ ಕಸೂತಿ. ತುಳಸಿ ಕಟ್ಟೆ, ಆನೆ, ಗೋಪುರ. ತಿರುಗಿಸಿ ನೋಡಿದರೆ ಹಿಂಬದಿಯಲ್ಲೂ ಅದೇ ಆನೆ, ಒಂದು ಗಂಟೂ ಕಾಣದು. ಅದು ಗವಂತಿ ಹೊಲಿಗೆಯ ಚಂದ. ಹೋಗುತ್ತಾ ಒಂದು ಎಳೆ ಬಿಟ್ಟು ಒಂದು ತುಂಬಿ, ಬರುತ್ತಾ ಬಿಟ್ಟದ್ದನ್ನು ತುಂಬುವುದು. ಮೆಟ್ಟಿಲಿನ ಹಾಗೆ ಓರೆಯಾಗಿ ಹತ್ತಿದರೆ ಮುರ್ಗಿ. ನೇಯ್ದ ಹಾಗೆ ಕಂಡರೆ ನೇಗಿ. ಮೆಂತ್ಯ ಕಾಳು ಚೆಲ್ಲಿದ ಹಾಗಿದ್ದರೆ ಮೆಂತೆ. ನಾಲ್ಕು ಹೆಸರೂ ನೋಡಿ, ನಿಘಂಟು ಮಾಡುವವರು ಕೊಟ್ಟದ್ದಲ್ಲ, ಸೂಜಿ ಹಿಡಿದವರು ಕೊಟ್ಟದ್ದು. ‘ಕಸೂತಿ’ ಪದವನ್ನೇ ‘ಕೈ’ ಮತ್ತು ‘ಸೂತಿ’ (ಹತ್ತಿ ನೂಲು) ಎಂದು ಬಿಡಿಸುವವರಿದ್ದಾರೆ. ಆ ಸೀರೆಗೆ ಕತ್ತರಿ ಹಾಕಲು ನನಗೆ ಕೈ ಬರಲಿಲ್ಲ, ಅಕ್ಕ ಹಾಕಿದರು. ಉಡುತ್ತಿದ್ದ ಬಟ್ಟೆ ಅರ್ಧ ಗಂಟೆಯಲ್ಲಿ ತೊಡುವ ಬಟ್ಟೆಯಾಯಿತು.

ಇಲ್ಲಿ ನನ್ನ ಮೊದಲ ಪ್ರಶ್ನೆ. ಈಗ ಹೊಲಿದೇ ಸಿಗುವ ಸೀರೆ ಬರುತ್ತದಲ್ಲ, ನೆರಿಗೆ ಕೂರಿಸಿ ಜಿಪ್ ಇಟ್ಟದ್ದು, ಅದನ್ನು ಉಡುತ್ತೀರಾ ತೊಡುತ್ತೀರಾ? ನಿಮ್ಮ ಮನೆಯಲ್ಲಿ ಏನನ್ನುತ್ತಾರೆ? ‘ಹಾಕ್ಕೊಳ್ತಾರೆ’ ಎಂಬ ಉತ್ತರ ಬೇಡ.

ಬಟ್ಟೆಯ ಉಡುಗೊರೆಯಲ್ಲಿ ಇನ್ನೊಂದು ಮಜಾ ಇದೆ, ಹೊಲಿಯದೇ ಕೊಡುವುದು. ನಮ್ಮ ಕಡೆ ಅರಿಶಿನ ಕುಂಕುಮ, ತೆಂಗಿನಕಾಯಿ, ಜೊತೆಗೊಂದು ರವಿಕೆ ಕಣ. ಧಾರವಾಡದಲ್ಲಿ ಅದು ‘ಖಣ’, ಹಾಗೆಂದರೆ ಇಲ್ಲಿಯವರಿಗೆ ಕಣ್ಣ ಮುಂದೆ ಬರುವುದು ಗುಳೇದಗುಡ್ಡದ ಖಣ. ನಾವು ಮಡಿಲು ತುಂಬುತ್ತೇವೆ, ಮಡಲಕ್ಕಿ ಕೊಡುತ್ತೇವೆ. ಇಲ್ಲಿ ಉಡಿ ತುಂಬುತ್ತಾರೆ. ಹೆಸರು ಏನೇ ಇರಲಿ, ನಮ್ಮ ಕಡೆಯ ಆ ಕಣದ ಗತಿ ನಿಮಗೆ ಗೊತ್ತೇ ಇದೆ. 80 ಸೆಂಟಿಮೀಟರಿನ ತುಂಡು, ಮಡಿಕೆ ಬಿಚ್ಚದೆ ಮನೆಯಿಂದ ಮನೆಗೆ ಸುತ್ತುತ್ತದೆ. ನಮ್ಮಮ್ಮ ಕೊಟ್ಟ ಒಂದು ಗಿಳಿಹಸಿರು ಕಣ ಎರಡು ವರ್ಷದ ಮೇಲೆ ನಮ್ಮಮ್ಮನಿಗೇ ವಾಪಸ್ ಬಂದಿತ್ತು. ಮೂಲೆಯಲ್ಲಿ ಅವರೇ ಇಟ್ಟ ಕುಂಕುಮದ ಬೊಟ್ಟಿನಿಂದ ಗುರುತು ಸಿಕ್ಕಿತು. ಇಂಥ ಕಣಗಳೇ ನಮ್ಮ ಕೈಚೀಲಗಳಿಗೆ ಬಂಡವಾಳ. ಪರಿಚಯದವರೆಲ್ಲ ಬೀರುವಿನಿಂದ ತೆಗೆದು ತೆಗೆದು ಕೊಡುತ್ತಾರೆ, ಪುಣ್ಯ ಬಂತು ಅನ್ನುವ ಹಾಗೆ.

ಉಡುಗೊರೆಗೆ ಬೇರೆ ಪದಗಳೂ ಇವೆ. ಮದುವೆಯಲ್ಲಿ ನಮ್ಮ ಕಡೆ ‘ಮುಯ್ಯಿ’. ಇಲ್ಲಿ ‘ಆಯೇರು’. ಮುಯ್ಯಿಯಲ್ಲಿ ಲೆಕ್ಕದ ವಾಸನೆ ಇದೆ, ಅವರು ಮಾಡಿದ್ದಕ್ಕೆ ನಾವು ತೀರಿಸುವುದು. ಸೇಡಿಗೂ ‘ಮುಯ್ಯಿ ತೀರಿಸು’ ಅನ್ನುತ್ತೇವಲ್ಲ. ಅದು ಟ್ಯಾಗಿಗೆ ಆಗದು. ಇನ್ನು ಬಸುರಿಗೆ ಮಾಡುವ ಶಾಸ್ತ್ರಕ್ಕೆ ನಮ್ಮಲ್ಲಿ ಸೀಮಂತ ಅಂದರೆ, ಇಲ್ಲಿ ‘ಕುಬಸ’ ಅನ್ನುತ್ತಾರೆ. ‘ಆಕೀ ಕುಬಸ ಐತಿ, ಬರ್ರಿ’ ಎಂದು ಮೊದಲ ಸಲ ಕರೆ ಬಂದಾಗ ಯಾವುದೋ ಬ್ಲೌಸ್ ಹೊಲಿಯಲಿಕ್ಕೆ ಕರೆಯುತ್ತಿದ್ದಾರೆ ಎಂದುಕೊಂಡು ನಾನು ಟೇಪು ತೆಗೆದುಕೊಂಡು ಹೋಗಿದ್ದೆ. ನಗಬೇಡಿ. ಕುಬಸ ಅಂದರೆ ಕುಪ್ಪಸವೇ. ಸಂಸ್ಕೃತದ ‘ಕೂರ್ಪಾಸ’ ಕನ್ನಡದ ಬಾಯಿಗೆ ಬಂದು ಕುಪ್ಪಸ, ಆಮೇಲೆ ಕುಬಸ. ಬಸುರಿಗೆ ಹಸಿರು ಸೀರೆ-ಕುಪ್ಪಸ ಕೊಡುವ ಶಾಸ್ತ್ರಕ್ಕೆ ಬಟ್ಟೆಯ ಹೆಸರೇ ನಿಂತುಬಿಟ್ಟಿದೆ. ನನ್ನ ಟೇಪಂತೂ ಅವತ್ತು ಬ್ಯಾಗಿನಿಂದ ಹೊರಗೆ ಬರಲಿಲ್ಲ.

ಇನ್ನು ‘ಕೈಯಿಂದ ಮಾಡಲ್ಪಟ್ಟ’. ‘ಮಾಡಲ್ಪಟ್ಟ’ ಇಂಗ್ಲಿಷಿನ ಪಡಿಯಚ್ಚು, ಅದರ ಬಗ್ಗೆ ಈ ಪದಚರ್ಚೆಯ ಗುಂಪಿನಲ್ಲಿ ಹೇಳುವುದೇ ಬೇಡ. ‘ಕೈ ಹೊಲಿಗೆ’ ಅನ್ನೋಣ ಅಂದುಕೊಂಡೆ. ಕೈಮಗ್ಗ ಇದೆ, ಕೈತೋಟ ಇದೆ, ಕೈಹೊಲಿಗೆ ಯಾಕೆ ಬೇಡ? ಅಕ್ಕ ಒಪ್ಪಲಿಲ್ಲ. ಅವರ ಪ್ರಕಾರ ಕೈ ಹೊಲಿಗೆ ಅಂದರೆ ಸೂಜಿಯದು ಮಾತ್ರ. ಹೆಮ್ಮಿಂಗ್, ಕಚ್ಚಾ ಟಾಕಿ (ಆಮೇಲೆ ಬಿಚ್ಚುವ ಸಡಿಲ ಹೊಲಿಗೆ), ಗುಂಡಿ ಹಚ್ಚುವುದು. ಮೆಷಿನ್ ತುಳಿದು ಹೊಲಿದದ್ದನ್ನು ಕೈ ಹೊಲಿಗೆ ಅಂದರೆ ಸುಳ್ಳು ಹೇಳಿದ ಹಾಗೆ. ಅವರು ಹೇಳುವುದು ಸರಿ. ‘ಕೈಗಾರಿಕೆ’ಯ ಕಥೆ ಗೊತ್ತಲ್ಲ. ಹೆಸರಲ್ಲಿ ಕೈ ಇದೆ, ಈಗ ಅದರ ಅರ್ಥ ದೊಡ್ಡ ಕಾರ್ಖಾನೆ. ಮನೆಯಲ್ಲಿ ಮಾಡುವುದಕ್ಕೆ ಮುಂದೆ ‘ಗೃಹ’ ಅಂಟಿಸಿ ‘ಗೃಹ ಕೈಗಾರಿಕೆ’ ಎಂದು ಹೇಳಬೇಕಾಗಿದೆ.

‘ಕೈಯಾರೆ’ ಎಂಬ ಪದ ನನಗೆ ಹಿಡಿಸಿದೆ. ‘ಕೈಯಾರೆ ಹೊಲಿದದ್ದು’. ಇಲ್ಲಿ ಮಾತು ಸೂಜಿಯೋ ಮೆಷಿನ್ನೋ ಎಂಬುದರ ಬಗ್ಗೆ ಅಲ್ಲ, ಯಾರು ಮಾಡಿದರು ಎಂಬುದರ ಬಗ್ಗೆ. ಕೈಯಾರೆ ಬಡಿಸಿದಳು, ಕೈಯಾರೆ ಸಾಕಿದಳು ಅನ್ನುತ್ತೇವಲ್ಲ. ಬಡಿಸಲು ಸೌಟು ಹಿಡಿದರೂ ಅದು ಕೈಯಾರೆಯೇ. ಮೆಷಿನ್ನೂ ಹಾಗೇ ಅಲ್ವಾ? (ಫೋನಿನಲ್ಲಿ ‘ಹೊಲಿಗೆ’ ಟೈಪ್ ಮಾಡಿದರೆ ಅದು ‘ಹೋಳಿಗೆ’ ಮಾಡಿಕೊಡುತ್ತದೆ. ‘ಕೈಯಾರೆ ಹೋಳಿಗೆ’ ಎಂದು ಒಂದು ಸಂದೇಶ ಹೋಗಿ, ಎರಡು ಡಜನ್ ಆರ್ಡರ್ ಬಂದಿತ್ತು. ಬೇಳೆಯದೋ ಕಾಯಿಯದೋ ಎಂದು ಬೇರೆ ಕೇಳಿದ್ದರು.)

ಈಗ ಬುಗ್ಗೆ ಕೈಗೆ ಬರುತ್ತೇನೆ. ನಿಜವಾಗಿ ಈ ಪತ್ರ ಶುರುವಾದದ್ದೇ ಇದರಿಂದ.

ಕನ್ನಡದಲ್ಲಿ ಅಂಗಿಯ ಭಾಗಗಳಿಗೆ ಬೇರೆ ಹೆಸರು ಕಡಿಮೆ. ಮೈಯ ಹೆಸರನ್ನೇ ಬಟ್ಟೆಗೆ ಕೊಡುತ್ತೇವೆ. ತೋಳು, ಕೈ, ಕತ್ತು, ಎದೆ, ಬೆನ್ನು. ‘ಬೆನ್ನು ಬಿಗಿಯಾಯ್ತು, ಸ್ವಲ್ಪ ಬಿಡಿ’, ‘ಸೊಂಟದ ಹತ್ರ ಹಿಡೀರಿ’ ಅಂದರೆ ದರ್ಜಿಗೆ ಗೊತ್ತಾಗುತ್ತದೆ, ಬಟ್ಟೆಯ ಬಗ್ಗೆ ಹೇಳುತ್ತಿದ್ದಾರೆ ಎಂದು. ಹಿಡಿ, ಬಿಡು. ಎರಡೇ ಪದದಲ್ಲಿ ಇಡೀ ಕೆಲಸ ಮುಗಿಯುತ್ತದೆ. ಹಾಗೇ ತೋಳು ಉಬ್ಬಿದ್ದರೆ ನಮ್ಮಜ್ಜಿ ‘ಬುಗ್ಗೆ ಕೈ’ ಅನ್ನುತ್ತಿದ್ದರು. ಬುಗ್ಗೆ ಅಂದರೆ ಬಲೂನು. ಧಾರವಾಡದಲ್ಲಿ ನನ್ನ ಕಿವಿಗೆ ಬಿದ್ದದ್ದು ‘ಫುಗ್ಗಾ ತೋಳು’. ಫುಗ್ಗಾ ಅಂದರೂ ಬಲೂನೇ. ಪುತ್ತೂರಿನ ಗೆಳತಿಯೊಬ್ಬಳು ಬಲೂನಿಗೆ ‘ಪುಗ್ಗೆ’ ಅನ್ನುತ್ತಾಳೆ, ಆದರೆ ತೋಳಿಗೆ ಮಾತ್ರ ‘ಪಫ್’ ಎಂದೇ ಅನ್ನುತ್ತಾಳೆ. ಮೂರು ಊರು, ಒಂದೇ ಗಾಳಿ. ಟೈಲರ್ ಅಂಗಡಿಯಲ್ಲಿ ಕೇಳಿದರೆ ಎಲ್ಲ ಕಡೆ ಈಗ ‘ಪಫ್ ಸ್ಲೀವ್’.

ನಾನು ಮೊದಲ ಬುಗ್ಗೆ ಕೈ ಹೊಲಿದಾಗ ಅಕ್ಕನನ್ನು ಕೇಳಿಕೊಂಡೇ ಮಾಡಿದೆ. ತೋಳಿನ ಮೇಲಿನ ಗೋಪುರವನ್ನು ಮಾಮೂಲಿಗಿಂತ ಎತ್ತರವಾಗಿ, ಅಗಲವಾಗಿ ಕತ್ತರಿಸಿದೆ. 80 ಸೆಂಟಿಮೀಟರ್ ಸಾಲದು, ಒಂದು ಮೀಟರ್ ಬೇಕು. ಟೂ ಬೈ ಟೂ ಬಟ್ಟೆ ತಂದಿದ್ದೆ. ಹಾಸಿಗೂ (ಉದ್ದದ ನೂಲು) ಹೊಕ್ಕಿಗೂ (ಅಡ್ಡದ ನೂಲು) ಎರಡೆರಡು ಎಳೆ ಹೊಸೆದ ನೂಲು, ಅದಕ್ಕೇ ಆ ಹೆಸರು. ಅಂಗಡಿಯವರೇ ಎಷ್ಟೋ ಜನಕ್ಕೆ ಇದು ಗೊತ್ತಿಲ್ಲ, ಅದು ಕಂಪನಿ ಹೆಸರು ಅಂದುಕೊಂಡಿದ್ದಾರೆ. ಆಮೇಲೆ ಏನು ಮಾಡಲಿ ಎಂದು ಕೇಳಿದೆ. ಅಕ್ಕ ಒಗ್ಗರಣೆ ಹಾಕುತ್ತಾ ಒಳಗಿನಿಂದಲೇ ಹೇಳಿದರು: ‘ನಿರಗಿ ಹಿಡೀರಿ, ಹಿಡದು ಭುಜಕ್ಕ ಹಚ್ಚರಿ.’

ನಿರಗಿ ಅಂದರೆ ನೆರಿಗೆ. ಹಿಡಿದೆ. ಸ್ಕೇಲ್ ಇಟ್ಟು ಕಾಲು ಕಾಲು ಇಂಚಿಗೆ ಒಂದು ಗುರುತು ಹಾಕಿ, ಹದಿನಾರು ಮಡಿಕೆ, ಎಲ್ಲ ಒಂದೇ ದಿಕ್ಕಿಗೆ, ಇಸ್ತ್ರಿ ಒತ್ತಿ ಪಿನ್ನು ಚುಚ್ಚಿದೆ. ನೋಡಲು ಸೈನಿಕರು ನಿಂತ ಹಾಗಿತ್ತು. ಭುಜಕ್ಕೆ ಕೂಡಿಸಿದೆ. ತೊಟ್ಟು ನೋಡಿದರೆ ಬುಗ್ಗೆ ಎಲ್ಲಿ? ತೋಳು ಬೀಸಣಿಗೆಯ ಹಾಗೆ ಒಂದು ಕಡೆ ಬಿಚ್ಚಿಕೊಂಡು ನಿಂತಿದೆ. ಅಕ್ಕ ಸೌಟು ಹಿಡಿದುಕೊಂಡೇ ಹೊರಗೆ ಬಂದರು. ‘ಇದೇನ್ರೀ, ತೋಳಿಗೆ ಸೀರಿ ನಿರಗಿ ಹಿಡದೀರಿ? ದಾರ ಜಗ್ಗಬೇಕ್ರಿ, ದಾರ!’

ಆಗಬೇಕಾದದ್ದು ಇದು. ಹೊಲಿಗೆ ಬೀಳುವ ಗೆರೆಯ ಎರಡೂ ಬದಿಗೆ, ಸ್ವಲ್ಪ ಸ್ವಲ್ಪ ದೂರದಲ್ಲಿ, ದೊಡ್ಡ ಟಾಕಿಯಲ್ಲಿ ಎರಡು ಸಾಲು ಸಡಿಲವಾಗಿ ಹೊಲಿಯಬೇಕು. ತುದಿಗೆ ಗಂಟು ಹಾಕಬಾರದು. ಅಡಿಯ ದಾರವನ್ನು ಎರಡೂ ಕಡೆಯಿಂದ ಮೆಲ್ಲಗೆ ಎಳೆದರೆ ಬಟ್ಟೆ ತಾನೇ ಮುದುಡಿಕೊಳ್ಳುತ್ತದೆ. ಮುದುಡಿದ್ದನ್ನು ಬೆರಳಲ್ಲಿ ಸವರುತ್ತಾ ಸಮ ಮಾಡಬೇಕು. ಭುಜದ ನೆತ್ತಿಗೆ ಜಾಸ್ತಿ, ಕಂಕುಳ ಕಡೆಗೆ ಏನೂ ಇಲ್ಲ. ಕಂಕುಳಲ್ಲಿ ಗಂಟು ಗಂಟಾದರೆ ದಿನವಿಡೀ ಚುಚ್ಚುತ್ತದೆ. ಹೀಗೆ ಕೂರಿಸಿ ಹೊಲಿದು, ಕಾಣುವ ಸಡಿಲ ದಾರ ಕಿತ್ತು ತೆಗೆದರೆ ತೋಳು ಗಾಳಿ ತುಂಬಿಕೊಂಡು ನಿಲ್ಲುತ್ತದೆ.

ಅಂದರೆ ಒಂದೇ ‘ನೆರಿಗೆ’ ಎರಡು ಬೇರೆ ಬೇರೆ ಕೆಲಸಕ್ಕೆ ನಡೆಯುತ್ತಿದೆ. ಒಂದು ಅಳೆದು ಮಡಿಸುವುದು, ಇನ್ನೊಂದು ದಾರ ಎಳೆದು ಮುದುಡಿಸುವುದು. ಮುಖದ ಮೇಲಿನ ಸುಕ್ಕಿಗೂ ‘ನೆರಿಗೆ’ ಎಂದೇ ಅನ್ನುತ್ತೇವೆ. ನೋಡಿದರೆ ಅದು ದಾರ ಎಳೆದ ಜಾತಿಯದು. ಇಂಗ್ಲಿಷ್ ಹೊಲಿಗೆ ಪುಸ್ತಕಗಳು ಇವೆರಡಕ್ಕೆ ಪ್ಲೀಟ್, ಗ್ಯಾದರ್ ಎಂದು ಬೇರೆ ಬೇರೆ ಹೆಸರು ಇಡುತ್ತವೆ. ಕನ್ನಡದಲ್ಲಿ ಮೊದಲನೆಯದಕ್ಕೆ ‘ಮಡಿಕೆ’, ಎರಡನೆಯದಕ್ಕೆ ‘ನೆರಿಗೆ’ ಇಟ್ಟುಕೊಳ್ಳಬಹುದು ಎಂದು ನನಗೆ ತೋರಿತ್ತು. ಆದರೆ ಸೀರೆಯ ನೆರಿಗೆಯನ್ನು ಮಡಿಕೆ ಅಂದರೆ ಯಾರು ಕೇಳುತ್ತಾರೆ? ಹಾಗಾಗಿ ಎರಡನೆಯ ಪ್ರಶ್ನೆ: ದಾರ ಎಳೆದು ಮಾಡುವ ಈ ಮುದುಡಿಗೆ ನಿಮ್ಮ ಊರಿನಲ್ಲಿ, ನಿಮ್ಮ ಮನೆಯ ಹಿರಿಯರ ಬಾಯಲ್ಲಿ, ಬೇರೆ ಪದ ಇದೆಯೇ? ಇದ್ದರೆ ನನ್ನ ಹದಿನಾರು ಮಡಿಕೆಗಳಿಗೆ ಮೋಕ್ಷ.

ಮೆಷಿನ್ನಿನ ಸುತ್ತಮುತ್ತ ತಿರುಗಾಡುವ ಉಳಿದ ಪದಗಳಲ್ಲಿ ಅರ್ಧ ಹೊರಗಿನವು. ‘ದರ್ಜಿ’ ಪಾರಸಿಯ ಪದ, ಅಲ್ಲಿ ‘ದರ್ಜ್’ ಅಂದರೆ ಹೊಲಿಗೆಯ ಸಂದು. ನಮ್ಮ ಹಳೆಯ ಪದ ಚಿಪ್ಪಿಗ, ಸಿಂಪಿಗ. ವಚನಕಾರರಲ್ಲಿ ಸೂಜಿಕಾಯಕದ ರಾಮಿತಂದೆ ಎಂಬವರೇ ಇದ್ದಾರೆ. ‘ಕಾಜಾ’ ಪೋರ್ಚುಗೀಸರ ‘ಕಾಸಾ’, ಹಾಗೆಂದರೆ ಮನೆ. ಗುಂಡಿಯ ತೂತನ್ನು ಅವರು ಗುಂಡಿಯ ಮನೆ ಅಂದರು. ನಾವು ಬಟನ್ನಿಗೆ ಗುಂಡಿ ಅನ್ನುತ್ತೇವೆ, ರಸ್ತೆಯ ತೂತಿಗೂ ಗುಂಡಿ ಅನ್ನುತ್ತೇವೆ, ಆದರೆ ಅಂಗಿಯ ತೂತಿಗೆ ಮಾತ್ರ ಕಾಜಾ. ಬೀದಿ ಬೋರ್ಡಿನ ‘ಪೀಕೋ ಫಾಲ್’ನಲ್ಲಿ ಪೀಕೋ ಫ್ರೆಂಚಿನದು. ಇದನ್ನೆಲ್ಲ ಕನ್ನಡ ಮಾಡಬೇಕು ಎಂದು ನಾನು ಹೇಳುತ್ತಿಲ್ಲ, ಬಂದವು, ನಮ್ಮವಾದವು. ‘ಚೀಟಿ ಬಟ್ಟೆ’ಯ ಚೀಟಿ ಮಾತ್ರ ಬೇರೆ. ಅದು ಹಿಂದಿಯ ‘ಛೀಂಟ್’, ಬಣ್ಣ ಸಿಡಿಸಿದ ಹಾಗೆ ಹೂ ಅಚ್ಚು ಹಾಕಿದ ಬಟ್ಟೆ. ಇಂಗ್ಲಿಷಿನವರು ಅದನ್ನೇ ‘ಚಿಂಟ್ಸ್’ ಮಾಡಿಕೊಂಡರು. ಕಾಗದದ ಚೀಟಿ ‘ಚಿಟ್ಠಿ’ಯಿಂದ ಬಂದದ್ದು, ಅದೂ ಇಂಗ್ಲಿಷಿಗೆ ‘ಚಿಟ್’ ಆಗಿ ಹೋಯಿತು. ಟ್ಯಾಗಿಗೆ ನಾನು ‘ಚೀಟಿ’ ಅಂದಾಗ ಅಕ್ಕ ಲಂಗದ ಬಟ್ಟೆ ತಂದು ಎದುರಿಗಿಟ್ಟರು, ಅದಕ್ಕೇ ಈ ಪತ್ರದಲ್ಲಿ ‘ಟ್ಯಾಗ್’ ಎಂದೇ ಬರೆಯುತ್ತಿದ್ದೇನೆ.

ಕೌದಿಯ ಬಗ್ಗೆ ಒಂದು ಮಾತು. ಆ ಹುಡುಗನ ಡಿಸೈನಿನಲ್ಲಿ ಕೌದಿಗೆ ‘ತೇಪೆ ಕೆಲಸದ ಹೊದಿಕೆ’ ಎಂದಿತ್ತು. ತೇಪೆ ಹಾಕುವುದು ಅಂದರೆ ನಮ್ಮಲ್ಲಿ ರಿಪೇರಿ, ಅದೂ ಅರೆಮನಸ್ಸಿನ ರಿಪೇರಿ. ಪತ್ರಿಕೆಯವರು ರಸ್ತೆಗೂ ರಾಜಕೀಯಕ್ಕೂ ಬಳಸುವ ಪದ. ಕೌದಿಗೆ ಅದು ಹತ್ತಿರವೂ ಬರಬಾರದು. ಹಳಿಯಾಳ, ಯಲ್ಲಾಪುರ, ಮುಂಡಗೋಡದ ಕಡೆಯ ಸಿದ್ದಿ ಸಮುದಾಯದ ಹೆಂಗಸರು ಹಳೇ ಸೀರೆ-ಪಂಚೆಯ ತುಂಡು ಜೋಡಿಸಿ ಅಂಚಿನಿಂದ ಸುತ್ತುತ್ತಾ ನಡುವಿಗೆ ಹೊಲಿದು ಬರುತ್ತಾರೆ. ಕಡೆಗೆ ನಾಲ್ಕು ಮೂಲೆಗೂ ಬಟ್ಟೆಯ ತ್ರಿಕೋನ ಮಡಿಸಿ ‘ಫೂಲ್’ ಇಡುತ್ತಾರೆ. ಅದಿಲ್ಲದ ಕೌದಿ ಬೆತ್ತಲೆ ಎಂಬ ಮಾತು ಅವರಲ್ಲಿದೆ. ನಮ್ಮ ಹಾಸನದ ಕಡೆ ಈ ಪದ ಅಷ್ಟಾಗಿ ಕೇಳಿರಲಿಲ್ಲ. ‘ಕಂತೆಗೆ ತಕ್ಕ ಬೊಂತೆ’ ಅನ್ನುವಾಗ ಬೊಂತೆ ಅಂದರೆ ಚಿಂದಿ ಸೇರಿಸಿ ಹೊಲಿದ ಹೊದಿಕೆ ಎಂದು ತಿಳಿದದ್ದೂ ಇಲ್ಲಿಗೆ ಬಂದ ಮೇಲೆಯೇ. ಹಾಗಾಗಿ ಕೌದಿಯ ಟ್ಯಾಗಿನ ಮೇಲೆ ‘ಕೌದಿ’ ಎಂದಷ್ಟೇ. ಇದರಲ್ಲಿ ಚರ್ಚೆ ಇಲ್ಲ.

ರವಿಕೆಯದೇ ಉಳಿದಿದೆ. ಕಳೆದ ವಾರ ಕೂತಿದ್ದಾಗ ಒಂದು ಹೊಳೆಯಿತು. ಅಮೆರಿಕದಲ್ಲಿ ಬಟರಿಕ್ ಎಂಬಾತ 1863ರಲ್ಲಿ ಬೇರೆ ಬೇರೆ ಅಳತೆಯ ಕಾಗದದ ಪ್ಯಾಟರ್ನ್, ಅಂದರೆ ಬಟ್ಟೆಯ ಮೇಲಿಟ್ಟು ಕತ್ತರಿಸುವ ಮಾದರಿ, ಮಾರಲು ಶುರು ಮಾಡಿದ. ಅಲ್ಲಿ ಈಗಲೂ ಹಳೇ ಥರದ ಬಟ್ಟೆ ಹೊಲಿಯುವವರು ಅಂಥ ಹಳೇ ಕಾಗದಗಳನ್ನು ಹುಡುಕಿ ಹುಡುಕಿ ಕೊಳ್ಳುತ್ತಾರೆ. ನಮ್ಮಲ್ಲಿ ಕಾಗದ ಎಲ್ಲಿತ್ತು? ನಮ್ಮದು ‘ಅಳತೆ ರವಿಕೆ’. ಸರಿಯಾಗಿ ಕೂತ ಒಂದೇ ಒಂದು ರವಿಕೆ. ಟೈಲರ್ ಹತ್ತಿರ ಹೋಗುವಾಗಲೆಲ್ಲ ಅದನ್ನು ಜೊತೆಗೆ ಒಯ್ಯುವುದು. ಬಣ್ಣ ಹೋಗಿ, ಕಂಕುಳು ಹರಿದರೂ ಎಸೆಯುವ ಹಾಗಿಲ್ಲ. ನಾನು ಬಿಚ್ಚಿ ನೋಡಿ ಕಲಿತದ್ದು ಅಜ್ಜಿಯ ಅಂಥದ್ದೇ ಒಂದು ರವಿಕೆಯಿಂದ. ಪಕ್ಕದ ಹೊಲಿಗೆ ಬಿಚ್ಚಿದಾಗ ಒಳಗೆ ಒಂದೂವರೆ ಇಂಚು ಬಟ್ಟೆ ಬಿಟ್ಟಿದ್ದರು. ಹೊರಗೆ ಬಿಸಿಲಿಗೆ ಮಾಸಿ ಬೂದಿಯಾದದ್ದು ಒಳಗೆ ಇನ್ನೂ ನೇರಳೆ ಬಣ್ಣದಲ್ಲಿತ್ತು. ಮೂರು ಸಾಲು ಹಳೇ ಸೂಜಿ ತೂತು. ಅಜ್ಜಿ ದಪ್ಪ ಆದಾಗಲೆಲ್ಲ ಒಂದು ಸಾಲು ಬಿಟ್ಟಿದ್ದಾರೆ.

ಹಾಗಾಗಿ ‘ಅಜ್ಜಿ ಅಳತೆ’ ಎಂದು ಬರೆದರೆ ಹೇಗೆ? ‘ಅಜ್ಜಿ ಅಳತೆಯ ರವಿಕೆ’. ಬಟ್ಟೆ ಹೊಸದು, ಅಳತೆ ಹಳೆಯದು. ನನಗೆ ತುಂಬ ಖುಷಿಯಾಯಿತು. ಮೆಷಿನ್ ನಿಲ್ಲಿಸಿ ಅಕ್ಕನಿಗೆ ಹೇಳಿದೆ. ಅವರು ಯೋಚನೆ ಮಾಡಿ ಅಂದರು: ‘ಛಲೋ ಐತ್ರಿ. ಆದರ ಓದಿದವರು ಇದು ದಪ್ಪ ಇದ್ದವರಿಗೆ ಅನ್ಕೋತಾರ.’

ಅದೂ ನಿಜ. ಸದ್ಯಕ್ಕೆ ಟ್ಯಾಗಿನ ಮೇಲೆ ‘ಅಜ್ಜಿ ಕಾಲದ ಥರ, ಕೈಯಾರೆ ಹೊಲಿದದ್ದು’ ಎಂದು ಹಾಕಿದ್ದೇವೆ. ಐದು ಪದ. ಪಟ್ಟಿಯನ್ನು ಅರ್ಧ ಇಂಚು ಉದ್ದ ಮಾಡಬೇಕಾಯಿತು. ‘ಥರ’ ಎಂಬುದು ಟ್ಯಾಗಿನ ಮೇಲೆ ಹಗುರವಾಯಿತೇ, ‘ರೀತಿ’ ಆಗಬೇಕಿತ್ತೇ ಎಂದು ಇನ್ನೂ ಜಗಳ ನಡೆದಿದೆ. ನಿಮ್ಮಲ್ಲಿ ಯಾರಿಗಾದರೂ ಚಿಕ್ಕದಾದ, ಬಾಯಲ್ಲಿ ಆಡುವ ಪದ ಹೊಳೆದರೆ ತಿಳಿಸಿ. ಬುಗ್ಗೆ ಕೈಗೆ ನಿಮ್ಮ ಊರಿನ ಹೆಸರೂ ಇರಲಿ, ಜಿಪ್ ಸೀರೆಯ ತೀರ್ಪೂ ಇರಲಿ. ಹನ್ನೆರಡು ಟ್ಯಾಗ್ ಆಗಲೇ ಹೊಲಿದಾಯಿತು. ಹದಿಮೂರನೆಯದು ಶುಕ್ರವಾರಕ್ಕೆ ಬೇಕು, ದಾವಣಗೆರೆಗೆ ಹೋಗುವ ಕುಂಚಿಗೆಗೆ.